ಖಾಲಿ ಕೆರೆಯ ಲೆಕ್ಕವೂ ಬೇಕು



ಹಕ್ಕಿಗಳ ವಿಚಾರ ಬಂದರೆ ರಂಗನತಿಟ್ಟು, ಕೊಕ್ಕರೆಬೆಳ್ಳೂರು, ಮಂಡಗದ್ದೆ ಎನ್ನುತ್ತೇವೆ. ಶ್ರೀನಿವಾಸಪುರ ಎಂದರೆ ಮಾವು, ಅಲ್ಲಿಗೆ ಮಾತು ಮುಗಿಯಿತು. ಹೀಗಿರುವಾಗ ಹಕ್ಕಿ ದಾಖಲಾತಿಯ ಸಂಕಿರಣ ಅದೇ ತಾಲ್ಲೂಕಿನ ರಾಯಲ್ಪಾಡಿನಲ್ಲೇ ನಡೆಯುತ್ತಿರುವುದು ನನಗೆ ಬಹಳ ಸಂತೋಷ ತಂದಿದೆ.

1939-40ರಲ್ಲಿ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಅಂದು ಬರೆದಿಟ್ಟದ್ದನ್ನು ಇಂದಿಗೂ ತೆಗೆದು ನೋಡುತ್ತೇವೆ. ಯಾವ ಹಕ್ಕಿ, ಯಾವ ಊರು, ಯಾವ ದಿನ ಎಂಬುದು ಅದರಲ್ಲಿರುವುದೇ ಇದಕ್ಕೆ ಕಾರಣ. ಹಕ್ಕಿಗಳ ಹೆಸರು ಪೋಣಿಸಿದರೆ ಅದು ಬರೀ ಪಟ್ಟಿ. ಸ್ಥಳ, ದಿನ, ಎಷ್ಟು ಹೊತ್ತು ನೋಡಿದೆವು ಎಂಬುದು ಸೇರಿದಾಗ ಮಾತ್ರ ಅದು ದಾಖಲೆ.

ನಮ್ಮ ಕೋಲಾರ ಜಿಲ್ಲೆಯ ಮಟ್ಟಿಗೆ ಇದು ತುರ್ತಿನ ಕೆಲಸ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯಿತು. ವರ್ಷಗಟ್ಟಲೆ ಒಣಗಿದ್ದ ಅಂಗಳಗಳಲ್ಲಿ ನೀರು ನಿಂತಿತು. ನೀರು ಬಂದಲ್ಲಿಗೆ ನಾಮದ ಕೋಳಿ, ಬಾತು, ನೀರುಕಾಗೆ ಬರುತ್ತವೆ, ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಒಣ ಅಂಗಳವೂ ಬರಿದಾಗಿರುವುದಿಲ್ಲ. ಅಲ್ಲಿ ನೆಲಗುಬ್ಬಿ ಮೊಟ್ಟೆ ಇಡುತ್ತದೆ, ಟಿಟ್ಟಿಭ ಮರಿ ಮಾಡುತ್ತದೆ, ಜಾಲಿಯ ಬುಡದಲ್ಲಿ ಗೌಜಲಹಕ್ಕಿ ಕೂಗುತ್ತದೆ. ಒಣಗಿದ್ದಾಗಿನ ಲೆಕ್ಕ ಕೈಯಲ್ಲಿಲ್ಲದಿದ್ದರೆ ನೀರು ಬಂದದ್ದರಿಂದ ಏನು ಸೇರಿತು, ಏನು ಹೋಯಿತು ಎಂದು ಹೇಳುವುದು ಹೇಗೆ? ಆದ್ದರಿಂದ ಖಾಲಿ ಕೆರೆಗೂ ಹೋಗಿ ಬರೆಯಿರಿ. ಏನೂ ಕಾಣದಿದ್ದರೆ ಏನೂ ಕಾಣಲಿಲ್ಲ ಎಂದೇ ಬರೆಯಿರಿ.

ದಾಖಲೆಯಿಂದ ಏನಾಗುತ್ತದೆ ಎಂದು ಕೇಳುವವರಿಗೆ ಪಕ್ಕದ ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿಯನ್ನು ತೋರಿಸುತ್ತೇನೆ. 1994ರಲ್ಲಿ ಹೊಸ ಪ್ರಭೇದವೆಂದು ವಿಜ್ಞಾನಿಗಳು ಬಣ್ಣಿಸಿದ ಕೋಲಾರದ ಎಲೆಮೂಗಿನ ಬಾವಲಿ ಇಂದು ಅಲ್ಲಿನ ಗುಹೆಯಲ್ಲಲ್ಲದೆ ಜಗತ್ತಿನ ಬೇರೆಲ್ಲೂ ಇರುವುದು ತಿಳಿದಿಲ್ಲ. ಆ ಒಂದು ದಾಖಲೆ ಇದ್ದುದರಿಂದಲೇ ಅಲ್ಲಿನ ಗ್ರಾನೈಟ್ ಗಣಿಗಾರಿಕೆಗೆ ತಡೆ ಒಡ್ಡಲು ಆಯಿತು.

ನಮ್ಮ ಬಂಡೆಗುಡ್ಡಗಳಲ್ಲಿ ಹುಡುಕಬೇಕಾದ ಹಕ್ಕಿಯೊಂದಿದೆ, ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಕಲ್ಲುಗುಡ್ಡಗಳ ಕುರುಚಲಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಪಶ್ಚಿಮಕ್ಕೆ ನಂದಿಬೆಟ್ಟದಲ್ಲಿದೆ, ಗಡಿಯಾಚೆ ಮದನಪಲ್ಲೆಯ ಹಾರ್ಸ್ಲಿ ಬೆಟ್ಟದಲ್ಲಿದೆ. ಈ ಎರಡರ ನಡುವಿನ ಗುಡ್ಡಸಾಲು ನಮ್ಮದು. ಜುಟ್ಟಿಲ್ಲದ ಹಳದಿ ತಲೆ, ಹಳದಿ ಕೊರಳು, ಬೂದು ಮೈ, ಬಾಲದ ತುದಿಯಲ್ಲಿ ಬಿಳಿ. ನಾಚಿಕೆಯ ಹಕ್ಕಿ, ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಕ್ವಾರಿ ತಲುಪುವ ಮುಂಚೆ ನಾವು ಆ ಗುಡ್ಡಗಳನ್ನು ಹತ್ತಬೇಕು.

ಅಪರೂಪದ್ದರ ಬೆನ್ನು ಹತ್ತಿ ಸಾಮಾನ್ಯದ್ದನ್ನು ಕೈಬಿಡುವುದೂ ಸಲ್ಲ. ನಮ್ಮ ರಾಜ್ಯಪಕ್ಷಿ ನೀಲಕಂಠ ದೇಶದಲ್ಲಿ ಗಣನೀಯವಾಗಿ ಕಡಿಮೆಯಾಗುತ್ತಿದೆ ಎಂದು ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿ ಹೇಳಿತು. ಸಾವಿರಾರು ಹವ್ಯಾಸಿಗಳು ಇ-ಬರ್ಡ್ ಜಾಲತಾಣಕ್ಕೆ ಸೇರಿಸಿದ ದಿನನಿತ್ಯದ ಪಟ್ಟಿಗಳೇ ಆ ಮಾತಿಗೆ ಆಧಾರ. ಶ್ರೀನಿವಾಸಪುರದ ರಸ್ತೆಯ ಕರೆಂಟು ತಂತಿಯ ಮೇಲೆ ಕೂರುವ ನೀಲಕಂಠವನ್ನು ಎಣಿಸಲು ದುರ್ಬೀನೂ ಬೇಕಿಲ್ಲ.

ಎಣಿಸುವಾಗ ಏನನ್ನು ಎಣಿಸುತ್ತಿದ್ದೇವೆ ಎಂಬ ಎಚ್ಚರ ಮಾತ್ರ ಬೇಕು. ಗೀಜಗವನ್ನೇ ನೋಡಿ. ಮಳೆಗಾಲದಲ್ಲಿ ಈಚಲ ಗರಿಗೆ ಗಂಡು ಗೂಡು ನೇಯುತ್ತದೆ. ತಲೆಕೆಳಗಾದ ಟೊಪ್ಪಿಯ ಆಕಾರಕ್ಕೆ ಬಂದಾಗ ನೇಯ್ಗೆ ನಿಲ್ಲಿಸಿ, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಒಳಗೆ ಕೂತು ಎಳೆಗಳನ್ನು ಎಳೆದು ನೋಡುತ್ತದೆ. ಒಪ್ಪಿದರೆ ಕೊಳವೆಯ ಬಾಯಿ ಇಳಿಯುತ್ತದೆ, ಇಲ್ಲವಾದರೆ ಗೂಡು ಅರ್ಧಕ್ಕೇ ಉಳಿಯುತ್ತದೆ. ಮರದಲ್ಲಿ ಇಷ್ಟು ಗೂಡು ಎಂದು ಒಟ್ಟಾಗಿ ಬರೆದರೆ ಒಪ್ಪಿದ್ದೂ ಒಪ್ಪದ್ದೂ ಕಲಸಿಹೋಗುತ್ತದೆ. ಪೂರ್ತಿಯಾದದ್ದೆಷ್ಟು, ಅರ್ಧದ್ದೆಷ್ಟು ಎಂದು ಬೇರೆ ಬರೆದರೆ ಆ ವರ್ಷದ ಸಂತಾನದ ಸುಳಿವೇ ಸಿಗುತ್ತದೆ. ಶಾಲೆಯ ಮಕ್ಕಳು ಇದನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ.

ರೈತರಿಗೆ ಒಂದು ಮಾತು. ಗಿಣಿ ನಿಮ್ಮ ಮಾವನ್ನು ಕಚ್ಚಿ ಬೀಳಿಸುತ್ತದೆ, ಆ ನಷ್ಟ ನಿಜ. ಯಾವ ತೋಟದಲ್ಲಿ, ಯಾವ ತಿಂಗಳಲ್ಲಿ, ಯಾವ ತಳಿಗೆ ಎಂಬುದೂ ಈ ದಾಖಲೆಗೆ ಬರಬೇಕು. ಅದೇ ತೋಟದಲ್ಲಿ ಹುಳು ಹಿಡಿಯುವ ಕಾಜಾಣದ ಲೆಕ್ಕವೂ ಪಕ್ಕದಲ್ಲೇ ಇರಲಿ.

ಮಧ್ಯಾಹ್ನದ ಗೋಷ್ಠಿಯಲ್ಲಿ ಹೋಬಳಿಯ ನಕ್ಷೆಯನ್ನು ಹರಡಿಕೊಂಡು ಕೆರೆ, ಗುಡ್ಡ, ತೋಪುಗಳನ್ನು ಊರೂರಿಗೆ ಹಂಚಿಕೊಳ್ಳೋಣ. ಕುರಿ ಕಾಯುವ ಹಿರಿಯರನ್ನು ಕೂರಿಸಿಕೊಂಡು ಅವರು ತೆಲುಗಿನಲ್ಲೂ ಕನ್ನಡದಲ್ಲೂ ಕರೆಯುವ ಹೆಸರುಗಳನ್ನು ಮೊದಲು ಬರೆದುಕೊಳ್ಳೋಣ. ಏಷ್ಯಾದ ನೀರುಹಕ್ಕಿ ಗಣತಿ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ನಮ್ಮ ಮೊದಲ ಸುತ್ತನ್ನು ಅದರೊಂದಿಗೇ ಮಾಡಬಹುದು. ಯಾವ ಕೆರೆಗೆ ಯಾರು ಎಂಬುದನ್ನು ಇಂದು ಸಂಜೆಯೊಳಗೆ ತೀರ್ಮಾನಿಸಿಕೊಂಡೇ ಏಳೋಣ ಎಂದು ಕೋರುತ್ತೇನೆ.