ಸಾಕು ಎನ್ನಬಲ್ಲ ನೆಲ

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿಯ ಮಾತು. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯ ಮಕ್ಕಳಿಗೆ ಇದನ್ನು ಹೇಳಿದರೆ, ‘ಜನವರಿಯಲ್ಲಿ ಅಷ್ಟು ಬೆಚ್ಚಗಿತ್ತೇ?’ ಎಂದು ಕಣ್ಣರಳಿಸಿಯಾರು. ಅಲ್ಲಿನ ಜನವರಿಯೆಂದರೆ ಸೊನ್ನೆಗಿಂತ ಕೆಳಗಿನ ಚಳಿ, ಬೀದಿಯ ತುಂಬ ಹಿಮ. ಅಂಥ ಊರಲ್ಲಿ ಬೆಳಗ್ಗೆ ಎದ್ದು ಬರಿಗಾಲಲ್ಲಿ ಬಚ್ಚಲಿಗೆ ಹೋದರೆ ಟೈಲ್ಸ್ ಎಷ್ಟು ಕೊರೆಯಬೇಡ! ಆದರೆ ಅಲ್ಲಿನ ಎಷ್ಟೋ ಮನೆಗಳಲ್ಲಿ ಬಚ್ಚಲಿನ ನೆಲ ಬೆಚ್ಚಗೇ ಇರುತ್ತದೆ. ಟೈಲ್ಸ್ ಅಡಿಯಲ್ಲಿ ಬಿಸಿಯಾಗುವ ವಿದ್ಯುತ್ ಕೇಬಲ್ ಹಾಸಿರುತ್ತಾರೆ. ಗೋಡೆಯ ಮೇಲೆ ಸ್ವಿಚ್ಚಿನಂತೆ ಕಾಣುವ ಒಂದು ಚೌಕ ಪೆಟ್ಟಿಗೆ ಇರುತ್ತದೆ. ಅದೇ ಥರ್ಮೋಸ್ಟಾಟ್.

ಬನ್ನಿ ಮಕ್ಕಳೇ, ಆ ಪೆಟ್ಟಿಗೆಯನ್ನು ಕೂರಿಸುವ ಕೆಲಸವನ್ನು ಇವತ್ತು ಎಲೆಕ್ಟ್ರಿಷಿಯನ್ ಪಕ್ಕದಲ್ಲೇ ನಿಂತು ನೋಡೋಣ. ನೋಡುವಾಗ ಒಂದು ಪ್ರಶ್ನೆ ತಲೆಯಲ್ಲಿರಲಿ. ಕೇಬಲ್‌ಗೆ ಬಿಸಿಯಾಗುವುದು ಗೊತ್ತು, ಸರಿ. ‘ಇನ್ನು ಸಾಕು’ ಎಂದು ಅದಕ್ಕೆ ಹೇಳುವವರು ಯಾರು?

ಟೈಲ್ಸ್ ಯಾಕೆ ಕೊರೆಯುತ್ತದೆ?

ಮೊದಲು ಒಂದು ಪುಟ್ಟ ಪ್ರಯೋಗ. ರಾತ್ರಿ ಮಲಗುವ ಮುಂಚೆ ಒಂದು ಸ್ಟೀಲ್ ತಟ್ಟೆಯನ್ನೂ ಮಡಚಿದ ಒಂದು ಟವೆಲನ್ನೂ ಒಂದೇ ಮೇಜಿನ ಮೇಲೆ ಇಡಿ. ಬೆಳಗ್ಗೆ ಎದ್ದು ಒಂದು ಕೈಯನ್ನು ತಟ್ಟೆಯ ಮೇಲೆ, ಇನ್ನೊಂದನ್ನು ಟವೆಲಿನ ಮೇಲೆ ಇಟ್ಟು ನೋಡಿ. ತಟ್ಟೆ ತಣ್ಣಗೆ, ಟವೆಲು ಬೆಚ್ಚಗೆ ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ ಎರಡರ ಉಷ್ಣತೆಯೂ ಒಂದೇ. ಇಡೀ ರಾತ್ರಿ ಒಂದೇ ಕೋಣೆಯಲ್ಲಿ ಇದ್ದವಲ್ಲ!

ನಮ್ಮ ಚರ್ಮ ಅಳೆಯುವುದು ವಸ್ತುವಿನ ಉಷ್ಣತೆಯನ್ನಲ್ಲ, ನಮ್ಮ ಮೈಯ ಬಿಸಿ ಎಷ್ಟು ಬೇಗ ಹೊರಟುಹೋಗುತ್ತಿದೆ ಎಂಬುದನ್ನು. ಸ್ಟೀಲ್ ಬಿಸಿಯನ್ನು ಬೇಗ ಸಾಗಿಸುತ್ತದೆ, ಬಟ್ಟೆ ನಿಧಾನ. ಟೈಲ್ಸ್ ಸ್ಟೀಲಿನಷ್ಟು ಚುರುಕಲ್ಲ, ಆದರೆ ಚಾಪೆ, ಕಂಬಳಿಗಳಿಗಿಂತ ಎಷ್ಟೋ ಚುರುಕು. ನಮ್ಮ ಅಂಗಾಲಿನ ಚರ್ಮ ಸುಮಾರು 30 ಡಿಗ್ರಿ ಇದ್ದು, ಟೈಲ್ಸ್ 18 ಡಿಗ್ರಿ ಇದ್ದರೆ, ಕಾಲಿನ ಬಿಸಿ ಸರಸರನೆ ನೆಲಕ್ಕೆ ಇಳಿಯುತ್ತದೆ. ನೆಲವನ್ನೇ 27, 28 ಡಿಗ್ರಿಗೆ ತಂದರೆ ಬಿಸಿ ಹೊರಡುವ ಅವಸರ ಕಡಿಮೆಯಾಗುತ್ತದೆ. ನೆಲ ಸುಡುವಷ್ಟು ಬಿಸಿಯಾಗಬೇಕಿಲ್ಲ ಎಂಬುದನ್ನು ಗಮನಿಸಿ. ಜನ ಸದಾ ಓಡಾಡುವ ಕೋಣೆಗಳ ನೆಲ 29 ಡಿಗ್ರಿ ದಾಟಬಾರದು ಎಂದು ಯುರೋಪಿನ ಮಾನದಂಡವೇ ಹೇಳುತ್ತದೆ. ಬಚ್ಚಲಿಗೆ 33 ಡಿಗ್ರಿಯವರೆಗೆ ರಿಯಾಯಿತಿ ಇದೆ.

ಕೇಬಲ್‌ನ ಲೆಕ್ಕ

ವಿದ್ಯುತ್ತು ಹರಿಯುವಾಗ ತಂತಿ ಅದಕ್ಕೆ ಅಡ್ಡಿ ಒಡ್ಡುತ್ತದೆ. ಆ ಅಡ್ಡಿಗೆ ರೋಧ ಎನ್ನುತ್ತೇವೆ. ರೋಧವಿರುವ ತಂತಿಯಲ್ಲಿ ವಿದ್ಯುತ್ತು ಹರಿದರೆ ಬಿಸಿ ಹುಟ್ಟುತ್ತದೆ. ಎಷ್ಟು ಹುಟ್ಟುತ್ತದೆ ಎಂಬ ನಿಯಮವನ್ನು 1840ರ ಸುಮಾರಿಗೆ ಇಂಗ್ಲೆಂಡಿನ ಜೇಮ್ಸ್ ಜೂಲ್ ಕಂಡುಕೊಂಡರು.

ನಾಲ್ಕು ಚದರ ಮೀಟರ್ ನೆಲಕ್ಕೆ 500 ವಾಟ್ ಕೇಬಲ್ ಹಾಸಿದ್ದಾರೆ ಎಂದುಕೊಳ್ಳಿ. ಫಿನ್ಲೆಂಡಿನಲ್ಲೂ ನಮ್ಮಲ್ಲಿನಂತೆ ಮನೆಗೆ ಬರುವುದು 230 ವೋಲ್ಟ್. 500ನ್ನು 230ರಿಂದ ಭಾಗಿಸಿ. ಸುಮಾರು 2.2 ಆಂಪಿಯರ್ ಬಂತು. ಈಗ 230ನ್ನು ಈ 2.2ರಿಂದ ಭಾಗಿಸಿದರೆ ನೂರರ ಮೇಲೆ ಚೂರು ಬರುತ್ತದೆ. ದಶಮಾಂಶ ಬಿಡದೆ ಮಾಡಿದರೆ 106 ಓಮ್. ಇದು ಆ ಕೇಬಲ್‌ನ ರೋಧ. ಈ ಸಂಖ್ಯೆಯನ್ನು ನೆನಪಿಡಿ, ಆಮೇಲೆ ಬೇಕಾಗುತ್ತದೆ.

500 ವಾಟ್ ಕೇಬಲ್ ಎರಡು ಗಂಟೆ ಉರಿದರೆ ಒಂದು ಯೂನಿಟ್. ಹಗಲೂ ರಾತ್ರಿ ಬಿಡದೆ ಉರಿದರೆ ದಿನಕ್ಕೆ ಹನ್ನೆರಡು ಯೂನಿಟ್. ಬಿಲ್ಲು ಏರುವುದು ಒಂದು ಕಡೆ, ನೆಲ ಬೇಕಾದ್ದಕ್ಕಿಂತ ಹೆಚ್ಚು ಕಾಯುವುದು ಇನ್ನೊಂದು ಕಡೆ. ನೆಲಕ್ಕೆ ಮರದ ಹಲಗೆ ಹಾಕಿದ್ದರೆ ಅದು ಒಣಗಿ ಬಿರುಕು ಬಿಡಬಹುದು. ಹಾಗಾಗಿ ನಿಲ್ಲಿಸುವವರೊಬ್ಬರು ಬೇಕೇ ಬೇಕು.

ಗಂಟೆ ಕಟ್ಟಿದ ಮೇಷ್ಟ್ರು

ನಿಲ್ಲಿಸುವ ಈ ಚಿಂತೆ ಹಳೆಯದು. ಹದಿನೇಳನೆಯ ಶತಮಾನದ ಆರಂಭದಲ್ಲೇ ಹಾಲೆಂಡಿನ ಕಾರ್ನೆಲಿಸ್ ಡ್ರೆಬೆಲ್, ಕೋಳಿಮೊಟ್ಟೆಗಳನ್ನು ಮರಿ ಮಾಡಿಸುವ ಒಂದು ಒಲೆ ಕಟ್ಟಿದ್ದರು. ಒಲೆ ಹೆಚ್ಚು ಕಾದರೆ ಒಳಗಿನ ದ್ರವ ಹಿಗ್ಗಿ, ಗಾಳಿಕಿಂಡಿಯನ್ನು ತಾನೇ ಕಿರಿದು ಮಾಡುತ್ತಿತ್ತು. ಬೆಂಕಿ ತಗ್ಗುತ್ತಿತ್ತು.

ಮುಂದಿನ ಕಥೆ ಶಾಲೆಯದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಲ್ಲಿ ವಾರನ್ ಜಾನ್ಸನ್ ಎಂಬ ಮೇಷ್ಟ್ರಿದ್ದರು. ಚಳಿಗಾಲದಲ್ಲಿ ಶಾಲೆಯ ನೆಲಮಾಳಿಗೆಯಿಂದ ತರಗತಿಗಳಿಗೆ ಬಿಸಿ ಬರುತ್ತಿತ್ತು. ಕೋಣೆ ಎಷ್ಟು ಬೆಚ್ಚಗಿದೆ ಎಂದು ನೋಡಲು ಶಾಲೆಯ ಕೆಲಸದಾತ ಪಾಠದ ನಡುವೆಯೇ ಬಾಗಿಲು ತೆಗೆದು ಒಳಗೆ ಬರಬೇಕಿತ್ತು. ಮಕ್ಕಳ ಗಮನವೆಲ್ಲ ಅತ್ತ! ಇದರಿಂದ ಬೇಸತ್ತ ಜಾನ್ಸನ್, ಕೋಣೆಯ ಉಷ್ಣತೆ ಬದಲಾದರೆ ನೆಲಮಾಳಿಗೆಯಲ್ಲಿ ವಿದ್ಯುತ್ ಗಂಟೆ ಬಾರಿಸುವ ಸಾಧನ ಮಾಡಿದರು. 1883ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಗಂಟೆ ಕೇಳಿದ ಕೆಲಸದಾತ ಅಲ್ಲಿಂದಲೇ ಬಿಸಿ ಏರಿಸುತ್ತಿದ್ದ, ಇಳಿಸುತ್ತಿದ್ದ. ಎರಡು ವರ್ಷದ ಬಳಿಕ ಮೇಷ್ಟ್ರು ಇದಕ್ಕಾಗಿಯೇ ಒಂದು ಕಂಪನಿ ತೆರೆದರು.

ಈ ಏರ್ಪಾಡಿನಲ್ಲಿ ಮೂರು ಕೆಲಸಗಳಿವೆ. ಒಬ್ಬರು ಬಿಸಿ ಅರಿಯಬೇಕು, ಒಬ್ಬರು ತೀರ್ಮಾನಿಸಬೇಕು, ಒಬ್ಬರು ಬಿಸಿಯನ್ನು ತಡೆಯಬೇಕು. ನಮ್ಮ ಚೌಕ ಪೆಟ್ಟಿಗೆ ಮೂರನ್ನೂ ಮಾಡುತ್ತದೆ, ಕೆಲಸದಾತನ ಹಂಗಿಲ್ಲದೆ.

ಅರಿಯುವ ಮಣಿ

ಈಗ ಹೆಲ್ಸಿಂಕಿಯ ಬಚ್ಚಲಿಗೆ ಬರೋಣ. ಟೈಲ್ಸ್ ಇನ್ನೂ ಹಾಕಿಲ್ಲ. ಕೇಬಲ್ ನೆಲದ ಮೇಲೆ ಹಾವಿನಂತೆ ಅತ್ತಿಂದಿತ್ತ ಹರಿದಿದೆ. ಸಾಲುಗಳ ನಡುವೆ ಹತ್ತು ಸೆಂಟಿಮೀಟರಿನ ಆಸುಪಾಸು ಅಂತರ. ಒಂದು ಸಾಲು ಇನ್ನೊಂದರ ಮೇಲೆ ಎಲ್ಲೂ ಹಾಯ್ದಿಲ್ಲ. ಹಾಯ್ದರೆ ಆ ಜಾಗದಲ್ಲಿ ಬಿಸಿ ಸೇರಿಕೊಂಡು ಕೇಬಲ್ ಸುಟ್ಟುಹೋದೀತು. ಕೇಬಲ್ ಉದ್ದವಾಯಿತೆಂದು ಕತ್ತರಿಸುವಂತೆಯೂ ಇಲ್ಲ. ಕತ್ತರಿಸಿದರೆ ರೋಧ ಕಡಿಮೆಯಾಗಿ ವಿದ್ಯುತ್ತು ಹೆಚ್ಚು ಹರಿಯುತ್ತದೆ, ಉಳಿದ ಭಾಗ ಮಿತಿಮೀರಿ ಕಾಯುತ್ತದೆ.

ಎಲೆಕ್ಟ್ರಿಷಿಯನ್ ಕೈಯಲ್ಲಿ ಒಂದು ತೆಳ್ಳನೆಯ ವೈರ್ ಇದೆ. ಅದರ ತುದಿಯಲ್ಲಿ ಪ್ಲಾಸ್ಟಿಕ್ ಹೊದ್ದ ಸಣ್ಣದೊಂದು ಮಣಿ. ಇದೇ ಸೆನ್ಸರ್. ಒಳಗಿರುವುದು ಥರ್ಮಿಸ್ಟರ್, ಎಂದರೆ ಉಷ್ಣತೆಗೆ ತಕ್ಕಂತೆ ರೋಧ ಬದಲಿಸುವ ವಸ್ತು. ಬಹಳ ಬಳಕೆಯಲ್ಲಿರುವ ಒಂದು ಬಗೆಯ ಥರ್ಮಿಸ್ಟರಿನ ರೋಧ 25 ಡಿಗ್ರಿಯಲ್ಲಿ 10,000 ಓಮ್. ನೆಲ 15 ಡಿಗ್ರಿಗೆ ಇಳಿದರೆ ಅದು 15,000 ದಾಟುತ್ತದೆ. 35 ಡಿಗ್ರಿಗೆ ಏರಿದರೆ ಆರೂವರೆ ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಗೋಡೆಯ ಪೆಟ್ಟಿಗೆ ಈ ಓಮ್ ಸಂಖ್ಯೆಯನ್ನು ಓದಿಯೇ ನೆಲದ ಬಿಸಿಯನ್ನು ತಿಳಿಯುತ್ತದೆ. ಅದಕ್ಕೆ ಬೇರೆ ಕಣ್ಣಿಲ್ಲ.

ಹಾಗಾದರೆ ಮಣಿಯನ್ನು ಎಲ್ಲಿಡಬೇಕು? ಇಡೀ ಕೆಲಸದಲ್ಲಿ ಯೋಚನೆ ಬೇಡುವ ಜಾಗ ಇದೇ. ಕೇಬಲ್‌ಗೆ ಅಂಟಿಸಿಟ್ಟರೆ, ಕೇಬಲ್ ಬಿಸಿಯಾದ ಕೂಡಲೇ ಮಣಿ ‘ಸಾಕು’ ಎನ್ನುತ್ತದೆ, ಟೈಲ್ಸ್ ತಣ್ಣಗೇ ಉಳಿಯುತ್ತದೆ. ಕೇಬಲ್ ಇಲ್ಲದ ಮೂಲೆಯಲ್ಲಿ ಇಟ್ಟರೆ, ಮಣಿಗೆ ಬಿಸಿ ತಲುಪುವುದೇ ಇಲ್ಲ. ಅದು ‘ಇನ್ನೂ ಬೇಕು’ ಎನ್ನುತ್ತಲೇ ಇರುತ್ತದೆ, ಉಳಿದ ನೆಲ ಕಾಯುತ್ತಲೇ ಇರುತ್ತದೆ. ಆದ್ದರಿಂದ ಎರಡು ಸಾಲುಗಳ ಸರಿಯಾಗಿ ನಡುವೆ, ಬಿಸಿಯಾಗುವ ಜಾಗದ ಒಳಗೆ ಇಡುತ್ತಾರೆ.

ಇಡುವ ರೀತಿಯೂ ಜಾಣತನದ್ದು. ಮಣಿಯನ್ನು ನೇರವಾಗಿ ಗಾರೆಯಲ್ಲಿ ಹೂಳುವುದಿಲ್ಲ. ತೆಳ್ಳನೆಯ ಪೈಪ್ ಒಂದನ್ನು ಗೋಡೆಯ ಪೆಟ್ಟಿಗೆಯಿಂದ ನೆಲದವರೆಗೆ ಇಳಿಸಿ, ಅದರ ಒಳಗೆ ಮಣಿಯನ್ನು ತೂರಿಸುತ್ತಾರೆ. ನೆಲದ ಕಡೆಯ ತುದಿಯನ್ನು ಗಾರೆ ನುಗ್ಗದಂತೆ ಮುಚ್ಚುತ್ತಾರೆ. ಗೋಡೆ ನೆಲಕ್ಕೆ ಸೇರುವಲ್ಲಿ ಪೈಪನ್ನು ನಿಧಾನವಾಗಿ ಬಾಗಿಸುತ್ತಾರೆ, ಮುರಿದಂತೆ ಮಡಚುವುದಿಲ್ಲ. ಹತ್ತು ವರ್ಷದ ಮೇಲೆ ಮಣಿ ಕೆಟ್ಟರೂ ಹಳೆಯದನ್ನು ಮೇಲಿಂದ ಎಳೆದು ಹೊಸದನ್ನು ತೂರಿಸಬಹುದು. ಒಂದು ಟೈಲ್ ಕೂಡ ಒಡೆಯಬೇಕಿಲ್ಲ.

ಮೂರು ಸಲ ಅಳತೆ

ನೆನಪಿಡಿ ಎಂದಿದ್ದ ಸಂಖ್ಯೆ ಈಗ ಬೇಕು. ಎಲೆಕ್ಟ್ರಿಷಿಯನ್ ಕೇಬಲ್‌ನ ರೋಧವನ್ನು ಮೀಟರಿನಿಂದ ಅಳೆಯುತ್ತಾರೆ. ಕೇಬಲ್ ಹಾಸುವ ಮುಂಚೆ ಒಮ್ಮೆ, ಹಾಸಿದ ಮೇಲೆ ಒಮ್ಮೆ, ಟೈಲ್ಸ್ ಕೂರಿಸಿದ ಮೇಲೆ ಇನ್ನೊಮ್ಮೆ. ಮೂರು ಸಲವೂ 106ರ ಹತ್ತಿರವೇ ಬರಬೇಕು. ಟೈಲ್ಸ್ ಕೆಲಸದವರ ಕರಣೆ ತಗುಲಿ ಕೇಬಲ್ ತುಂಡಾಗಿದ್ದರೆ ಮೀಟರ್ ಕೂಡಲೇ ಹೇಳಿಬಿಡುತ್ತದೆ. ಹೊದಿಕೆ ಎಲ್ಲಾದರೂ ಹರಿದಿದೆಯೇ ಎಂದು ನೋಡಲು ಮೆಗ್ಗರ್ ಎಂಬ ಇನ್ನೊಂದು ಮೀಟರ್ ಇದೆ. ನೆಲ ಮುಚ್ಚಿದ ಮೇಲೆ ಕಣ್ಣಿಗೆ ಕಾಣದ್ದನ್ನು ತೋರಿಸುವುದು ಈ ಸಂಖ್ಯೆಗಳೇ.

ಆಮೇಲೆ ಪೆಟ್ಟಿಗೆ ಕೂರಿಸುವುದು. ಮೊದಲು ಮೇನ್ ಆರಿಸುತ್ತಾರೆ. ತಂತಿಯಲ್ಲಿ ವಿದ್ಯುತ್ತು ಇಲ್ಲವೆಂದು ಟೆಸ್ಟರ್ ಹಿಡಿದು ಖಚಿತ ಮಾಡಿಕೊಳ್ಳುತ್ತಾರೆ. ಪೆಟ್ಟಿಗೆಯ ಹಿಂದೆ ಜೋಡಿ ಜೋಡಿ ಸ್ಕ್ರೂಗಳು. ಒಂದು ಜೋಡಿಗೆ ಮನೆಯಿಂದ ಬರುವ ಕಂದು ಬಣ್ಣದ ಫೇಸ್, ನೀಲಿ ಬಣ್ಣದ ನ್ಯೂಟ್ರಲ್. ಇನ್ನೊಂದು ಜೋಡಿಯಿಂದ ಕೇಬಲ್‌ಗೆ ಹೋಗುವ ತಂತಿಗಳು. ಮೂರನೆಯದಕ್ಕೆ ಮಣಿಯ ಎರಡು ವೈರ್‌ಗಳು. ಇವೆರಡು ಅದಲು ಬದಲಾದರೂ ಚಿಂತೆಯಿಲ್ಲ, ಥರ್ಮಿಸ್ಟರಿಗೆ ಹಿಂದು ಮುಂದು ಇಲ್ಲ. ಕೇಬಲ್‌ನ ಲೋಹದ ಹೊದಿಕೆ ಮಾತ್ರ ಹಳದಿ-ಹಸಿರು ಅರ್ತ್ ತಂತಿಗೆ ಸೇರಲೇಬೇಕು.

ನೀರಿರುವ ಜಾಗವಲ್ಲವೇ, ಇನ್ನೊಂದು ಕಾವಲೂ ಇದೆ. ಹೋದಷ್ಟು ವಿದ್ಯುತ್ತು ವಾಪಸು ಬಂತೇ ಎಂದು ಲೆಕ್ಕವಿಡುವ ಸ್ವಿಚ್ ಅದು. 30 ಮಿಲಿಆಂಪಿಯರ್ ಕೂಡ ಬೇರೆ ದಾರಿಯಲ್ಲಿ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಇಡೀ ಸರ್ಕ್ಯೂಟನ್ನು ಆರಿಸುತ್ತದೆ. ನಮ್ಮ ಮನೆಗಳ ಬೋರ್ಡಿನಲ್ಲಿರುವ ಆರ್‌ಸಿಸಿಬಿ ಇದೇ.

ಎಲ್ಲ ಮುಗಿದರೂ ಕೂಡಲೇ ಬಿಸಿ ಹಾಕುವಂತಿಲ್ಲ. ಗಾರೆ ತಾನಾಗಿ ಗಟ್ಟಿಯಾಗಬೇಕು. ಅವಸರಪಟ್ಟು ಕಾಯಿಸಿದರೆ ಬಿರುಕು ಬಿಡುತ್ತದೆ. ಕಾಯುವುದೂ ಕೆಲಸದ ಭಾಗವೇ.

ಟಿಕ್ ಎನ್ನುವುದು ಯಾವಾಗ?

ಈಗ ಪೆಟ್ಟಿಗೆಗೆ ‘27 ಡಿಗ್ರಿ’ ಎಂದು ಹೇಳಿದೆವು. ನೆಲ 27 ಮುಟ್ಟಿದೊಡನೆ ಒಳಗಿನ ರಿಲೇ ಎಂಬ ಸ್ವಿಚ್ ‘ಟಿಕ್’ ಎಂದು ಕೇಬಲ್ ಆರಿಸುತ್ತದೆ. ನೆಲ 26.9ಕ್ಕೆ ಇಳಿಯಿತು. ಕೂಡಲೇ ಮತ್ತೆ ಹೊತ್ತಿಸಬೇಕೇ? ತಾರಸಿಯ ಟ್ಯಾಂಕಿನಿಂದ ಒಂದು ಚೊಂಬು ನೀರು ಖರ್ಚಾದಾಗಲೆಲ್ಲ ಮೋಟರ್ ಹಾಕುತ್ತಾ ಆರಿಸುತ್ತಾ ಕೂತರೆ ಮೋಟರ್ ಎಷ್ಟು ದಿನ ಬಾಳೀತು? ಇಲ್ಲೂ ಅಷ್ಟೇ. ಉಷ್ಣತೆ ಇನ್ನೂ ಸ್ವಲ್ಪ ಇಳಿಯಲಿ ಎಂದು ಪೆಟ್ಟಿಗೆ ಬಿಡುತ್ತದೆ, ಆಮೇಲೆ ಹೊತ್ತಿಸುತ್ತದೆ. ಕಾಲಿಗೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲ.

ಗಾರೆ, ಟೈಲ್ಸ್ ಬಿಸಿಯಾಗುವುದೂ ನಿಧಾನ, ತಣಿಯುವುದೂ ನಿಧಾನ. ಬೆಳಗ್ಗೆ ಏಳಕ್ಕೆ ನೆಲ ಬೆಚ್ಚಗಿರಬೇಕಾದರೆ ಕೇಬಲ್ ಅದಕ್ಕೆ ಮೊದಲೇ ಎಚ್ಚರವಾಗಬೇಕು. ಹಲವು ಥರ್ಮೋಸ್ಟಾಟ್‌ಗಳು ಎಷ್ಟು ಹೊತ್ತು ಮುಂಚೆ ಶುರು ಮಾಡಬೇಕೆಂದು ನಾಲ್ಕಾರು ದಿನ ಗಮನಿಸಿ ತಾವೇ ಲೆಕ್ಕ ಹಾಕಿಕೊಳ್ಳುತ್ತವೆ.

ಇನ್ನೊಂದು ಒಗಟು ನಿಮಗೆ. ಮಣಿಯ ವೈರ್ ತುಂಡಾದರೆ ಪೆಟ್ಟಿಗೆಗೆ ಕಾಣುವ ರೋಧ ಎಷ್ಟು? ಎಣಿಸಲಾಗದಷ್ಟು. ರೋಧ ಹೆಚ್ಚಾದಷ್ಟೂ ನೆಲ ತಣ್ಣಗಿದೆ ಎಂದು ಪೆಟ್ಟಿಗೆ ತಿಳಿಯುತ್ತದೆ ಎಂದಿದ್ದೆವಲ್ಲ! ದಡ್ಡ ಪೆಟ್ಟಿಗೆಯಾದರೆ ನೆಲ ಹಿಮಕ್ಕಿಂತ ತಣ್ಣಗಿದೆ ಎಂದು ನಂಬಿ ಬಿಸಿ ಹಾಕುತ್ತಲೇ ಇರುತ್ತದೆ. ಒಳ್ಳೆಯ ಪೆಟ್ಟಿಗೆ ‘ಇಷ್ಟು ಚಳಿ ಇರಲು ಸಾಧ್ಯವೇ ಇಲ್ಲ, ಮಣಿಯೇ ಕೆಟ್ಟಿದೆ’ ಎಂದು ಕೇಬಲ್ ಆರಿಸಿ, ಪರದೆಯ ಮೇಲೆ ದೋಷ ತೋರಿಸುತ್ತದೆ.

ನಿಮ್ಮ ಮನೆಯಲ್ಲಿ ಹುಡುಕಿ

ಕರ್ನಾಟಕದಲ್ಲಿ ನೆಲ ಕಾಯಿಸುವ ಅಗತ್ಯ ನಮಗಿಲ್ಲ. ಆದರೆ ಥರ್ಮೋಸ್ಟಾಟ್ ಮನೆಯಲ್ಲೇ ಇದೆ. ದೊಡ್ಡವರನ್ನು ಜೊತೆಗೆ ಕರೆದುಕೊಂಡು, ಪ್ಲಗ್ ತೆಗೆದ, ತಣ್ಣಗಿರುವ ಇಸ್ತ್ರಿಪೆಟ್ಟಿಗೆಯ ಗುಂಡಿಯನ್ನು ಮೆಲ್ಲಗೆ ತಿರುಗಿಸಿ. ಎಲ್ಲೋ ಒಂದು ಕಡೆ ‘ಟಿಕ್’ ಎನ್ನುತ್ತದೆ. ಅದರೊಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿ ಇದೆ. ಬಿಸಿಗೆ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಹಾಗಾಗಿ ಪಟ್ಟಿ ಬಾಗಿ ಸಂಪರ್ಕ ತಪ್ಪಿಸುತ್ತದೆ. ಇಲ್ಲಿ ಅರಿಯುವುದು, ತೀರ್ಮಾನಿಸುವುದು, ತಡೆಯುವುದು ಮೂರನ್ನೂ ಒಂದೇ ಪಟ್ಟಿ ಮಾಡಿ ಮುಗಿಸುತ್ತದೆ.

ಫ್ರಿಜ್‌ನಲ್ಲಿ ಕೆಲಸ ತಿರುವುಮುರುವು. ಅಲ್ಲಿ ಹೆಚ್ಚು ತಣ್ಣಗಾದಾಗ ‘ಸಾಕು’ ಎನ್ನಬೇಕು. ಗೀಸರಿನಲ್ಲಿ ಥರ್ಮೋಸ್ಟಾಟ್ ಒಂದೇ ಸಾಲದೆಂದು, ಅದು ಕೈಕೊಟ್ಟರೆ ವಿದ್ಯುತ್ತು ಕಡಿಯುವ ಕಟೌಟ್ ಎಂಬ ಎರಡನೆಯ ಕಾವಲನ್ನೂ ಇಟ್ಟಿರುತ್ತಾರೆ. ಇವುಗಳಲ್ಲಿ ಯಾವುದನ್ನೂ ಬಿಚ್ಚಬೇಡಿ, ಅದು ತರಬೇತಾದವರ ಕೆಲಸ. ಫಿನ್ಲೆಂಡಿನಲ್ಲೂ ನೆಲದ ಕೇಬಲ್ ಜೋಡಿಸಲು ಅರ್ಹತೆ ಪಡೆದ ಎಲೆಕ್ಟ್ರಿಷಿಯನ್ ಬೇಕು. ನೀವು ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆದು, ಯಾರು ಅರಿಯುತ್ತಾರೆ, ಯಾರು ತೀರ್ಮಾನಿಸುತ್ತಾರೆ, ಏನು ನಿಲ್ಲುತ್ತದೆ ಎಂದು ಬರೆಯುತ್ತಾ ಹೋಗಿ.

ಮುಂದೊಮ್ಮೆ ಮನೆಯವರ ಜೊತೆ ಗೀಸರ್ ಕೊಳ್ಳಲು ಅಂಗಡಿಗೆ ಹೋದಾಗ, ‘ನೀರು ಎಷ್ಟು ಬೇಗ ಕಾಯುತ್ತೆ?’ ಎಂದು ಎಲ್ಲರೂ ಕೇಳುತ್ತಾರೆ. ನೀವು ‘ಎಷ್ಟಕ್ಕೆ ನಿಲ್ಲುತ್ತೆ? ಅದು ನಿಲ್ಲದಿದ್ದರೆ ನಿಲ್ಲಿಸೋದು ಯಾವುದು?’ ಎಂದು ಕೇಳಿ.