ಕಬ್ಬಾಳದಲ್ಲಿ ಬುಡ, ಕುಷ್ಟಗಿಯಲ್ಲಿ ನೆತ್ತಿ



ಮಕ್ಕಳ ಈ ಕಲ್ಲುಗಳ ಪ್ರದರ್ಶನದ ಉದ್ಘಾಟನೆಗೆ ಮುಂಚೆಯೇ ಒಳಗೆ ಒಂದು ಸುತ್ತು ಹಾಕಿ ಬಂದೆ, ತಡೆಯಲಾಗಲಿಲ್ಲ. ಗಂಗಾವತಿಯ ಮಕ್ಕಳು ಆನೆಗೊಂದಿ ಗುಡ್ಡದ ಕಲ್ಲು ತಂದಿದ್ದಾರೆ. ಕುಷ್ಟಗಿಯವರು ಗುಲಾಬಿ ಗ್ರಾನೈಟ್ ಇಟ್ಟಿದ್ದಾರೆ. ಯಲಬುರ್ಗಾದ ಒಬ್ಬ ಹುಡುಗಿ ಕಲ್ಲು ತಂದಿಲ್ಲ, ತನ್ನೂರಿನ ಬೋರಿನ ನೀರನ್ನು ಬಾಟಲಿಯಲ್ಲಿ ತಂದು ಕಲ್ಲುಗಳ ಸಾಲಿನಲ್ಲೇ ಇಟ್ಟಿದ್ದಾಳೆ. ಅದರ ಜಾಗ ಅದೇ. ಯಾಕೆಂದು ಹೇಳುತ್ತೇನೆ.

ನಮ್ಮ ಕೊಪ್ಪಳ ಸೀಮೆಯ ಗ್ರಾನೈಟಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೆಯ ಹೆಸರು. ಅಲ್ಲಿಂದ ಇಲ್ಲಿಯವರೆಗೆ ಸುಮಾರು 400 ಕಿಲೋಮೀಟರ್ ಉದ್ದ, ವಯಸ್ಸು ಸುಮಾರು 250 ಕೋಟಿ ವರ್ಷ. ದಕ್ಷಿಣದ ತುದಿ ಹೆಚ್ಚು ಮೇಲೆದ್ದು ಸವೆದಿರುವುದರಿಂದ ಅಲ್ಲಿ ಕಾಣುವುದು ಭೂಮಿಯ ಆಳದ ಬೇರು, ಇಲ್ಲಿ ಕಾಣುವುದು ಮೇಲ್ಭಾಗ. ಉರುಳಿ ಬಿದ್ದ ಒಂದೇ ಮರ ಇದು.

ಬುಡದ ಕಡೆ, ಕನಕಪುರ ತಾಲ್ಲೂಕಿನ ಕಬ್ಬಾಳದಲ್ಲಿ ಒಂದು ಕಲ್ಲಿನ ಕ್ವಾರಿ ಇದೆ. ಅಲ್ಲಿ ಬೂದು ಬಣ್ಣದ ಬಂಡೆ ಬಿರುಕುಗಳ ಗುಂಟ ಚಾರ್ನೊಕೈಟ್ ಎಂಬ ಕಪ್ಪು ಬಂಡೆಯಾಗಿ ಮಾರ್ಪಟ್ಟಿದ್ದನ್ನು ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು 1960ರಲ್ಲಿ ಜಗತ್ತಿಗೆ ತೋರಿಸಿದರು. 1982ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಎ. ಎಸ್. ಜನಾರ್ದನ್, ಅಮೆರಿಕದ ರಾಬರ್ಟ್ ನ್ಯೂಟನ್ ಮತ್ತು ಎಡ್ವರ್ಡ್ ಹ್ಯಾನ್ಸೆನ್ ಜೊತೆ ಸೇರಿ, ಆಳದಿಂದ ಮೇಲೇರಿ ಬಂದ, ಇಂಗಾಲದ ಡೈಆಕ್ಸೈಡ್ ತುಂಬಿದ ದ್ರವವೇ ಇದಕ್ಕೆ ಕಾರಣ ಎಂದು ವಾದಿಸಿದರು. ಮುಂದೆ ನ್ಯೂಟನ್ ಅವರು ಕ್ರೇಗ್ ಮ್ಯಾನಿಂಗ್ ಜೊತೆಗೂಡಿ, ಆಳದ ದ್ರವ ಉಪ್ಪುನೀರೂ ಆಗಿರಬಹುದೆಂದು ಅದರ ಕಡೆ ಹೊರಳಿದರು. ಖನಿಜದ ಹರಳನ್ನೂ ಉಪ್ಪುನೀರನ್ನೂ ಪ್ಲಾಟಿನಂ ಕೊಳವೆಯಲ್ಲಿ ಮುಚ್ಚಿ, ಸುಮಾರು 35 ಕಿಲೋಮೀಟರ್ ಆಳದಲ್ಲಿರುವಷ್ಟು ಒತ್ತಡ ಹಾಕಿ, ನೂರಾರು ಡಿಗ್ರಿ ಕಾಯಿಸಿದರು.

ಇಂಥ ಪ್ರಯೋಗಗಳಿಂದ ಬಂದ ಉತ್ತರ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಆ ಆಳದಲ್ಲಿ ಉಪ್ಪು ಹೆಚ್ಚಿದಷ್ಟೂ ಬೆಣಚುಕಲ್ಲು ಕಡಿಮೆ ಕರಗುತ್ತದೆ, ಏಕೆಂದರೆ ನೀರಿನ ಅಣುಗಳು ಉಪ್ಪಿನ ಸುತ್ತ ಸೇರಿಕೊಂಡು ಬೆಣಚುಕಲ್ಲಿನ ಸಿಲಿಕಾವನ್ನು ಹಿಡಿಯಲು ಉಳಿಯುವುದಿಲ್ಲ. ಸುಣ್ಣದ ಹರಳು, ರಂಜಕವಿರುವ ಅಪಟೈಟ್, ಫ್ಲೋರಿನ್ ಇರುವ ಫ್ಲೋರೈಟ್ ಮಾತ್ರ ಉಪ್ಪಿನ ಜೊತೆಗೆ ಹಲವು ಪಟ್ಟು ಹೆಚ್ಚು ಕರಗುತ್ತವೆ. ಹೀಗೆ ಕ್ಯಾಲ್ಸಿಯಂ, ರಂಜಕ, ಫ್ಲೋರಿನ್ ಬಂಡೆಯೊಳಗೆ ಪಯಣ ಹೊರಡಬಲ್ಲವು.

ಇನ್ನು ನಮ್ಮ ನೆತ್ತಿಯ ಕಡೆ ಬನ್ನಿ. ಶಿಲಾಪಾಕ ಆರುವಾಗ ಹರಳುಗಳಿಗೆ ಬೇಡವಾದ ನೀರು, ಉಪ್ಪು, ಫ್ಲೋರಿನ್ ಕೊನೆಯ ಬಿಸಿದ್ರವದಲ್ಲಿ ಉಳಿಯುತ್ತವೆ. ಫ್ಲೋರಿನ್ ಕಾಗೆಬಂಗಾರದಲ್ಲಿ, ಅಪಟೈಟಿನಲ್ಲಿ, ಫ್ಲೋರೈಟಿನಲ್ಲಿ ನೆಲೆಯೂರುತ್ತದೆ. ಇಂಥ ಗ್ರಾನೈಟಿನ ಗುಲಾಬಿ ಬಣ್ಣ ಕೂಡ ಬಹಳಷ್ಟು ಕಡೆ ಬಿಸಿದ್ರವ ಫೆಲ್ಡ್‌ಸ್ಪಾರ್‌ನೊಳಗೆ ಬಿಟ್ಟುಹೋದ ಕಬ್ಬಿಣದ ಸಣ್ಣ ಧೂಳು.

ಅಂದು ಬಿಸಿನೀರು ಕೂಡಿಟ್ಟದ್ದನ್ನು ಇಂದು ತಣ್ಣೀರು ತೆಗೆಯುತ್ತಿದೆ. ಮಳೆನೀರು ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತರೆ ಸೋಡದ ಗುಣ ಬರುತ್ತದೆ. ಆಗ ಕ್ಯಾಲ್ಸಿಯಂ ಸುಣ್ಣವಾಗಿ ತಳಕ್ಕಿಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆಯಾದಷ್ಟೂ ಫ್ಲೋರೈಟ್ ಇನ್ನಷ್ಟು ಕರಗಿ, ಅದರ ಫ್ಲೋರಿನ್ ಫ್ಲೋರೈಡ್ ಆಗಿ ನೀರಿಗೆ ಸೇರುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನದಂಡ. ಕುಷ್ಟಗಿ, ಯಲಬುರ್ಗಾ, ಕೊಪ್ಪಳ ತಾಲ್ಲೂಕುಗಳ ಎಷ್ಟೋ ಬೋರುಗಳು ಈ ಮಿತಿಯನ್ನು ದಾಟಿವೆ. ಅದರಿಂದಾಗುವ ಮಕ್ಕಳ ಹಲ್ಲಿನ ಕಂದು ಕಲೆ, ಹಿರಿಯರ ಬಗ್ಗದ ಮೊಣಕಾಲು ನಿಮಗೆ ನಾನು ವರ್ಣಿಸಬೇಕಾಗಿಲ್ಲ.

ತಾಯಂದಿರೇ, ಇದೊಂದು ಮನಸ್ಸಿನಲ್ಲಿಡಿ: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದದ್ದರಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ಸೋಸುಬಟ್ಟೆಗೂ ಅದು ಸಿಗುವುದಿಲ್ಲ. ಮಳೆನೀರು ಹಿಡಿದಿಡಿ, ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ಸುಮ್ಮನಿರಬೇಡಿ.

ದೀಪ ಬೆಳಗಿದ್ದಾಯಿತು. ಟೇಪು ನಾನು ಕತ್ತರಿಸುವುದಿಲ್ಲ. ಬಾ ತಂಗಿ, ನಿನ್ನ ಬಾಟಲಿ ತಾ. ಪರೀಕ್ಷೆಯ ಕಿಟ್ ಮೇಜಿನ ಮೇಲಿದೆ, ಗುಲಾಬಿ ಬಣ್ಣ ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ಬಂದ ಅಂಕಿಯನ್ನು ಬಾಗಿಲ ಪಕ್ಕದ ಹಲಗೆಯ ಮೇಲೆ ದೊಡ್ಡದಾಗಿ, ಊರಿನ ಹೆಸರಿನ ಸಮೇತ ಬರೆ. ಆಮೇಲೆ ಎಲ್ಲರೂ ಒಳಗೆ ಹೋಗೋಣ.