ದವಾಖಾನೆಯ ಗೋಡೆಗೆ ಯಾರ ಚಿತ್ರ?



ಮರದ ಹಲಗೆಯ ಮೇಲೆ ವೈದ್ಯ ಮಹನೀಯರ ಭಾವಚಿತ್ರ ಅಚ್ಚು ಹಾಕಿಸಿ ದವಾಖಾನೆಯ ಗೋಡೆಗೆ ತೂಗುಹಾಕುವುದು ಚೆಂದವೇ. ಆದರೆ ಸುಶ್ರುತ, ಹಿಪೊಕ್ರೆಟಿಸ್ ಇವರ ಮುಖಗಳು ಕಲಾವಿದರ ಕಲ್ಪನೆ. ಒಡೆಸ್ಸಾದಲ್ಲಿ ಹುಟ್ಟಿದ ವಾಲ್ಡೆಮಾರ್ ಹಾಫ್ಕಿನ್ನರದು ಹಾಗಲ್ಲ, ಅವರ ಫೋಟೋಗಳಿವೆ. ಹುಬ್ಬಳ್ಳಿಯ ಮೇಲೆ ಅವರ ಋಣವೂ ಇದೆ.

ಪ್ಲೇಗಿನ ರೋಗಾಣುಗಳನ್ನು ಬೆಳೆಸಿ, ಕಾಯಿಸಿ ಕೊಂದು, ಅವರು ಮುಂಬಯಿಯಲ್ಲಿ ಲಸಿಕೆ ತಯಾರಿಸಿದರು. 1897ರ ಜನವರಿ 10ರಂದು ಮೊದಲು ತಾವೇ ಚುಚ್ಚಿಸಿಕೊಂಡರು. ಮರುವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಇಲ್ಲಿನ ಸಾವಿರಾರು ಜನ ಆ ಸೂಜಿಗೆ ತೋಳೊಡ್ಡಿದರು. ಚುಚ್ಚಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆ.

ಬರಿಯ ಮುಖವಾದರೆ ಅದು ಅಲಂಕಾರವಷ್ಟೇ. ಚಿತ್ರದ ಕೆಳಗೆ ಹೆಸರು, ಇಸವಿ, ನಮ್ಮೂರಿನ ಸಂಗತಿ ಬರೆಸಿ. ಕೂಸಿಗೆ ಸೂಜಿ ಹಾಕಿಸಲು ಅಂಜುವ ತಾಯಿ, ಪಾಳಿ ಕಾಯುತ್ತ ಅದನ್ನು ಓದಲಿ.